ಹಾಯಿದೋಣಿಯ ಟ್ರೇಲರ್‌ಗೆ ಕಳಚಿಡುವ ದೀಪದ ಹಲಗೆ: ಮನೆಯಲ್ಲೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ದೋಣಿಯ ಟ್ರೇಲರ್ ಬೇರೆ ಟ್ರೇಲರ್‌ಗಳ ಹಾಗಲ್ಲ, ಅದು ನೀರಿಗಿಳಿಯುತ್ತದೆ. ಒಂದು ಗಂಟೆ ರಸ್ತೆಯಲ್ಲಿ ಉರಿದು ಕಾದ ಬಲ್ಬು ತಣ್ಣೀರಿಗೆ ಮುಳುಗಿದರೆ ಗಾಜು ಸೀಳುತ್ತದೆ. ಬಲ್ಬು ಉಳಿದರೂ ಹೋಲ್ಡರ್ ಒಳಗೆ ನೀರು ನಿಂತು ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಉಪ್ಪುನೀರಾದರೆ ಒಂದೇ ಬೇಸಿಗೆ ಸಾಕು. ಅದಕ್ಕೇ ಇಂಗ್ಲೆಂಡಿನಲ್ಲಿ ಸಣ್ಣ ದೋಣಿ ಇಟ್ಟುಕೊಂಡವರು ಹಿಂದಿನ ದೀಪಗಳನ್ನೆಲ್ಲ ಒಂದು ಹಲಗೆಗೆ ಕೂರಿಸಿ, ದೋಣಿ ನೀರಿಗಿಳಿಸುವ ಮೊದಲು ಅದನ್ನು ಕಳಚಿ ಕಾರಿನ ಡಿಕ್ಕಿಗೆ ಹಾಕುತ್ತಾರೆ. ಇಲ್ಲಿ ಅದನ್ನು ಟ್ರೇಲರ್ ಬೋರ್ಡ್ ಅಥವಾ ಲೈಟಿಂಗ್ ಬೋರ್ಡ್ ಎನ್ನುತ್ತಾರೆ.

ನನ್ನದು ಹಳೆಯ ವೇಫೇರರ್. ಇಯಾನ್ ಪ್ರಾಕ್ಟರ್ 1957ರಲ್ಲಿ ವಿನ್ಯಾಸ ಮಾಡಿದ ದೋಣಿ. ಉದ್ದ 4.82 ಮೀಟರ್, ಅಗಲ 1.85 ಮೀಟರ್. ಟ್ರೇಲರ್ ಒಂದೇ ತುಂಡಿನದು, ಹಾಗಾಗಿ ನೀರಿಗಿಳಿಯದೆ ವಿಧಿಯಿಲ್ಲ. ನೀರಿಗಿಳಿಯುವ ತಳ್ಳುಗಾಡಿ ಬೇರೆ, ರಸ್ತೆಯ ಚೌಕಟ್ಟು ಬೇರೆ ಇರುವ ಕಾಂಬಿ ಟ್ರೇಲರ್ ಇದ್ದವರಿಗೂ ಹಲಗೆ ತಪ್ಪಿದ್ದಲ್ಲ. ದೋಣಿಯ ಬೆನ್ನು ಚೌಕಟ್ಟಿಗಿಂತ ಹಿಂದಕ್ಕೆ ಚಾಚಿರುತ್ತದೆ, ಚೌಕಟ್ಟಿಗೆ ದೀಪ ಹಾಕಿದರೆ ದೋಣಿಯೇ ಅದನ್ನು ಮರೆಮಾಡುತ್ತದೆ.

ಅಂಗಡಿಯಲ್ಲಿ ಸಿದ್ಧ ಹಲಗೆ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಸಿಗುತ್ತದೆ, ಅಗ್ಗವಾಗಿಯೂ ಸಿಗುತ್ತದೆ. ಅದನ್ನೇ ತಂದು ಎಲಾಸ್ಟಿಕ್ ಹಗ್ಗದಲ್ಲಿ ಬಿಗಿದುಕೊಂಡು ನಾನೂ ಎರಡು ವರ್ಷ ಓಡಾಡಿದೆ. ಒಂದು ಭಾನುವಾರ ಸಂಜೆ ಹಿಂದಿನ ಕಾರಿನವರು ಹೆಡ್‌ಲೈಟ್ ಮಿಣುಕಿಸಿದರು. ಇಳಿದು ನೋಡಿದರೆ ಹಗ್ಗ ಕಳಚಿ, ಹಲಗೆ ಬರೀ ವೈರಿನ ಆಸರೆಯಲ್ಲಿ ನೇತಾಡುತ್ತ ಡಾಂಬರು ಉಜ್ಜುತ್ತಿತ್ತು. ಸಿದ್ಧ ಹಲಗೆಯ ದೀಪಗಳಲ್ಲಿ ದೋಷವಿರಲಿಲ್ಲ. ಅದನ್ನು ದೋಣಿಗೆ ಹಿಡಿಸುವ ರೀತಿ ಮತ್ತು ದೀಪಗಳ ಕರೆಂಟ್ ವಾಪಸಾಗುವ ಅರ್ಥ್ ವೈರು, ಈ ಎರಡೇ ಕೈಕೊಟ್ಟಿದ್ದು. ಮನೆಯಲ್ಲಿ ಮಾಡಿಕೊಳ್ಳುವುದಾದರೆ ನಿಮ್ಮ ಶ್ರಮವೆಲ್ಲ ಈ ಎರಡರ ಮೇಲೆ ಇರಲಿ.

ಮೊದಲು ಕಾನೂನು, ಆಮೇಲೆ ಗರಗಸ

ನಾನು ಹೇಳುತ್ತಿರುವುದು ಬ್ರಿಟನ್ನಿನ ಲೆಕ್ಕ. ಅಮೆರಿಕದಲ್ಲಿರುವವರಿಗೆ ಮರದ ಕೆಲಸ ಹೊಂದುತ್ತದೆ, ವೈರಿಂಗ್ ಹೊಂದುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ನಾಲ್ಕೇ ವೈರು, ಬ್ರೇಕ್ ದೀಪವೇ ಇಂಡಿಕೇಟರ್ ಆಗಿಯೂ ಮಿನುಗುತ್ತದೆ.

ಇಲ್ಲಿ ಹಲಗೆಯ ಮೇಲೆ ಇರಬೇಕಾದ್ದು: ಎರಡು ಕೆಂಪು ಟೈಲ್ ದೀಪ, ಎರಡು ಬ್ರೇಕ್ ದೀಪ, ಎರಡು ಕಿತ್ತಳೆ ಇಂಡಿಕೇಟರ್, ಎರಡು ತ್ರಿಕೋನ ಕೆಂಪು ಪ್ರತಿಫಲಕ, ಕಾರಿನದೇ ಸಂಖ್ಯೆಯ ಹಳದಿ ನಂಬರ್ ಪ್ಲೇಟು, ಅದಕ್ಕೊಂದು ದೀಪ. ಟ್ರೇಲರ್ 1.3 ಮೀಟರಿಗಿಂತ ಅಗಲವಿದ್ದು 1980ರ ಏಪ್ರಿಲ್ 1ರ ನಂತರ ರಸ್ತೆಗಿಳಿದದ್ದಾದರೆ ಹಿಂದೆ ಒಂದು ಫಾಗ್ ಲ್ಯಾಂಪೂ ಬೇಕು. ಫಾಗ್ ಒಂದೇ ಇದ್ದರೆ ಅದರ ಜಾಗ ನಡುವೆ ಅಥವಾ ಬಲಗಡೆ. ಬ್ರೇಕ್ ದೀಪಕ್ಕೂ ಅದಕ್ಕೂ ಕನಿಷ್ಠ 100 ಮಿಲಿಮೀಟರ್ ಅಂತರ ಇರಬೇಕು, ಇಲ್ಲದಿದ್ದರೆ ಮಂಜಿನಲ್ಲಿ ಹಿಂದಿನವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ತ್ರಿಕೋನದ ಚೂಪು ಮೇಲಕ್ಕಿರಬೇಕು. ದೀಪಗಳು ನೆಲದಿಂದ 350 ಮಿಲಿಮೀಟರಿಗಿಂತ ಕೆಳಗಿರಕೂಡದು. ಟೈಲ್ ದೀಪವೂ ತ್ರಿಕೋನವೂ ವಾಹನದ ಹೊರ ಅಂಚಿನಿಂದ 400 ಮಿಲಿಮೀಟರಿಗಿಂತ ಒಳಕ್ಕೆ ಸರಿದಿರಬಾರದು.

ಹಲಗೆ ಮನೆಯದಾದರೂ ದೀಪ ಮನೆಯದಾಗಬಾರದು. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ (E) ಅಕ್ಷರ ಮತ್ತು ಒಂದು ಸಂಖ್ಯೆ ಇರುವ, ಅಂದರೆ ಅನುಮೋದನೆಯ ಗುರುತಿರುವ ದೀಪವನ್ನೇ ಕೊಳ್ಳಿ. ನಂಬರ್ ಪ್ಲೇಟನ್ನು ನೋಂದಾಯಿತ ಅಂಗಡಿಯಲ್ಲೇ ಮಾಡಿಸಬೇಕು, ಕಾರಿನ ದಾಖಲೆ ಮತ್ತು ಗುರುತಿನ ಚೀಟಿ ಕೇಳುತ್ತಾರೆ.

ಸಾಮಾನು

18 ಮಿಲಿಮೀಟರ್ ದಪ್ಪದ ಹೊರಾಂಗಣ ಅಥವಾ ಮರೀನ್ ಪ್ಲೈವುಡ್, 1500 ಉದ್ದ, 200 ಅಗಲ. ಹಲಗೆಯನ್ನು ನೇತುಹಾಕುವ ನಡುಗಂಬಕ್ಕೆ 45 ಮಿಲಿಮೀಟರ್ ಚೌಕದ ಗಟ್ಟಿ ರೀಪರ್, ಸುಮಾರು 700 ಉದ್ದ. ಚುಕ್ಕಾಣಿಗೆ ಹಾಕುವಂಥದೇ ಎರಡು ಪಿಂಟಲ್, ಅಂದರೆ ನೇತುಹಾಕುವ ಲೋಹದ ಸೂಜಿಗಳು. ಏಳು ಎಳೆಯ ಟ್ರೇಲರ್ ಕೇಬಲ್ ಎಂಟು ಮೀಟರ್, ಏಳು ಪಿನ್ನಿನ ಪ್ಲಗ್ ಒಂದು, ನೀರು ನುಗ್ಗದ ಜಂಕ್ಷನ್ ಬಾಕ್ಸ್ ಒಂದು. ಇವಲ್ಲದೆ ದೀಪಗಳು, ತ್ರಿಕೋನಗಳು, ಸ್ಟೇನ್‌ಲೆಸ್ ಬೋಲ್ಟು, ವಾಷರ್, ಲಾಕ್‌ನಟ್ಟು. ಕೆರೆಗೆ ಮಾತ್ರ ಹೋಗುವವರಾದರೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು, ಸಮುದ್ರಕ್ಕೆ ಇಳಿಯುವವರಾದರೆ 316 ತೆಗೆದುಕೊಳ್ಳಿ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಎಲ್ಲ ದೀಪಗಳಿಂದ ವಾಪಸಾಗುವ ಕರೆಂಟ್ ಒಂದೇ ಬಿಳಿ ಎಳೆಯಲ್ಲಿ ಬರುತ್ತದೆ. ಟೈಲ್ ಎರಡು ಮತ್ತು ಪ್ಲೇಟಿನ ದೀಪ ಸೇರಿ 15 ವ್ಯಾಟ್, ಬ್ರೇಕ್ 42, ಇಂಡಿಕೇಟರ್ 21, ಫಾಗ್ 21. ಒಟ್ಟು 99 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ ಸುಮಾರು 8 ಆಂಪಿಯರ್. ಏಳು ಮೀಟರ್ ಉದ್ದದ 0.65 ಚದರ ಮಿಲಿಮೀಟರ್ ತೆಳುವೈರಿನಲ್ಲಿ ಇಷ್ಟು ಕರೆಂಟ್ ಹರಿದರೆ ಅರ್ಥ್ ಒಂದರಲ್ಲೇ ಒಂದೂವರೆ ವೋಲ್ಟ್ ಸೋರಿಹೋಗುತ್ತದೆ. ಅದೇ 2 ಚದರ ಮಿಲಿಮೀಟರ್ ಇದ್ದರೆ ಅರ್ಧ ವೋಲ್ಟ್. ಆರು ಎಳೆ ತೆಳುವಾಗಿ ಒಂದು ಎಳೆ ಮಾತ್ರ ದಪ್ಪವಾಗಿರುವ ಕೇಬಲ್ ಸಿಗುತ್ತದೆ, ಅದನ್ನೇ ಕೇಳಿ. ತವರ ಲೇಪಿಸಿದ ತಾಮ್ರವಾದರೆ ಇನ್ನೂ ಒಳ್ಳೆಯದು, ಕಿಲುಬು ವೈರಿನೊಳಗೆ ಹರಿದುಕೊಂಡು ಹೋಗುವುದಿಲ್ಲ.

ಬಲ್ಬೋ ಎಲ್‌ಇಡಿಯೋ? ಎಲ್‌ಇಡಿ ಕಡಿಮೆ ಕರೆಂಟ್ ಎಳೆಯುತ್ತದೆ, ಅಲುಗಾಟಕ್ಕೆ ಜಗ್ಗುವುದಿಲ್ಲ. ಆದರೆ ಹೊಸ ಕಾರುಗಳು ಆ ಅಲ್ಪ ಕರೆಂಟನ್ನು ಕಂಡು ಬಲ್ಬು ಹೋಗಿದೆ ಎಂದುಕೊಂಡು ಎಚ್ಚರಿಕೆ ಕೊಡುತ್ತವೆ. ಅದಕ್ಕೆ ರೆಸಿಸ್ಟರ್ ಜೋಡಿಸುವುದುಂಟು, ಅದು ಕೈ ಸುಡುವಷ್ಟು ಕಾಯುವುದರಿಂದ ಮರಕ್ಕಾಗಲಿ ಪ್ಲಾಸ್ಟಿಕ್ಕಿಗಾಗಲಿ ತಾಗಿಸಿ ಕೂರಿಸಬಾರದು. ಹೇಗೂ ನೀರಿಗಿಳಿಯದ ಹಲಗೆ ಎಂದು ನಾನು ಮಾಮೂಲಿ ಬಲ್ಬೇ ಹಾಕಿದೆ. ರಸ್ತೆ ಬದಿಯಲ್ಲೂ ಬದಲಿಸಬಹುದು.

ಅಳತೆ ಮತ್ತು ಮರದ ಕೆಲಸ

ದೋಣಿಯನ್ನು ಟ್ರೇಲರ್ ಮೇಲಿಟ್ಟು, ಟ್ರೇಲರನ್ನು ಕಾರಿಗೆ ಸಿಕ್ಕಿಸಿಯೇ ಅಳತೆ ಮಾಡಿ. ಕೊಕ್ಕೆಗೆ ಸಿಕ್ಕಿಸದೆ ನಿಂತ ಟ್ರೇಲರಿನ ಮೂತಿ ಕೆಳಗಿರುತ್ತದೆ, ಬೆನ್ನು ಎದ್ದಿರುತ್ತದೆ. ನನಗೆ ಇದು ಹೊಳೆದದ್ದು ಮೊದಲ ಕಂಬ ಕೊಯ್ದಾದ ಮೇಲೆ.

ದೋಣಿಯ ಹಿಂಬದಿಯ ಚಪ್ಪಟೆ ಹಲಗೆ, ಅಂದರೆ ಟ್ರಾನ್ಸಮ್ ಮೇಲೆ, ಚುಕ್ಕಾಣಿ ನೇತುಹಾಕಲು ಎರಡು ಲೋಹದ ಬಳೆಗಳಿರುತ್ತವೆ. ಇವೇ ಗಜನ್. ಚುಕ್ಕಾಣಿಯಲ್ಲಿರುವ ಪಿಂಟಲ್ ಎಂಬ ಸೂಜಿಗಳು ಇವುಗಳೊಳಗೆ ಇಳಿಯುತ್ತವೆ. ರಸ್ತೆಯಲ್ಲಿ ಹೋಗುವಾಗ ಚುಕ್ಕಾಣಿ ಕಳಚಿಟ್ಟಿರುತ್ತೇವೆ, ಬಳೆಗಳು ಖಾಲಿ. ಹಲಗೆಯನ್ನು ಅಲ್ಲೇ ನೇತುಹಾಕಿದರಾಯಿತು. ಕೆಲವು ದೋಣಿಗಳಲ್ಲಿ ಮೇಲೆ ಬಳೆ, ಕೆಳಗೆ ಸೂಜಿ ಇರುತ್ತದೆ, ನಿಮ್ಮದರಲ್ಲಿ ಏನಿದೆಯೋ ಅದಕ್ಕೆ ಜೋಡಿಯಾಗುವುದನ್ನು ಕೊಳ್ಳಿ. ಸೂಜಿಯ ದಪ್ಪವನ್ನೂ ಎರಡರ ನಡುವಿನ ದೂರವನ್ನೂ ಕ್ಯಾಲಿಪರ್‌ನಲ್ಲೇ ಅಳೆಯಿರಿ. ಎರಡು ಮಿಲಿಮೀಟರ್ ತಪ್ಪಿದರೂ ಒಂದು ಸೂಜಿ ಕೂರುತ್ತದೆ, ಇನ್ನೊಂದು ಮುನಿಸಿಕೊಳ್ಳುತ್ತದೆ.

ಬಳೆಗಳು ಸಾಮಾನ್ಯವಾಗಿ ಎತ್ತರದಲ್ಲಿರುತ್ತವೆ. ಅದೇ ಎತ್ತರಕ್ಕೆ ಹಲಗೆ ಹಾಕಿದರೆ ತ್ರಿಕೋನಗಳು ತೀರ ಮೇಲಾಗುತ್ತವೆ, ಅವು 900 ಮಿಲಿಮೀಟರಿನ ಕೆಳಗಿರುವುದು ಕ್ಷೇಮ. ಆದ್ದರಿಂದ ನಡುಗಂಬದ ಮೇಲ್ತುದಿಗೆ ಪಿಂಟಲ್‌ಗಳನ್ನು, ಕೆಳತುದಿಗೆ ಹಲಗೆಯನ್ನು ಹಿಡಿಸಿ. ತಲೆಕೆಳಗಾದ ಟಿ ಆಕಾರ. ನನ್ನದರಲ್ಲಿ ದೀಪದ ಮಧ್ಯಭಾಗ ನೆಲದಿಂದ 700 ಮಿಲಿಮೀಟರಿಗೆ ಬಂದಿದೆ. ಕಂಬವನ್ನು ಹಲಗೆಗೆ ಸ್ಕ್ರೂ ಹಾಕಿ ಮುಗಿಸಬೇಡಿ. ಆಚೆಯಿಂದೀಚೆ ಹೋಗುವ ಎರಡು 8 ಮಿಲಿಮೀಟರ್ ಬೋಲ್ಟು, ಅಗಲ ವಾಷರ್, ಲಾಕ್‌ನಟ್ಟು ಹಾಕಿ. ಸ್ಕ್ರೂ ಅಲುಗಾಟಕ್ಕೆ ಸಡಿಲಾಗುತ್ತದೆ.

ಬಣ್ಣಕ್ಕೆ ಮೊದಲು ಎಲ್ಲ ತೂತು ಕೊರೆದು ಮುಗಿಸಿ. ಪ್ಲೈವುಡ್ ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ ಮತ್ತು ತೂತಿನಿಂದ. ಅಂಚಿಗೆ ತೆಳು ಎಪಾಕ್ಸಿ ಮೂರು ಸಲ ಬಳಿದೆ, ತೂತುಗಳ ಒಳಮೈಗೂ ಕಡ್ಡಿಯಲ್ಲಿ ಹಚ್ಚಿದೆ. ಆಮೇಲೆ ಬಿಳಿ ಬಣ್ಣ ಎರಡು ಕೋಟು. ಬಿಳಿಯೇ ಏಕೆಂದರೆ, ಮುಸ್ಸಂಜೆಯಲ್ಲಿ ಹಲಗೆಯೇ ಕಣ್ಣಿಗೆ ಬೀಳುತ್ತದೆ.

ಗಜನ್ ಹಿಡಿದಿರುವ ಮರ ಮೆತ್ತಗಾಗಿದ್ದರೆ ಅಥವಾ ಸ್ಕ್ರೂಗಳು ಆಡುತ್ತಿದ್ದರೆ ಈ ದಾರಿ ಬಿಟ್ಟುಬಿಡಿ. ಹಲಗೆಯ ತೂಕ ಐದಾರು ಕಿಲೋ ಅಷ್ಟೇ ಇರಬಹುದು, ಆದರೆ ಪ್ರತಿ ಗುಂಡಿಯಲ್ಲೂ ಅದು ಸುತ್ತಿಗೆಯ ಹಾಗೆ ಕುಟ್ಟುತ್ತದೆ. ಆಗ ಟ್ರೇಲರಿನ ಹಿಂದಿನ ಅಡ್ಡಪಟ್ಟಿಗೆ ಎರಡು ಚೌಕ ಕೊಳವೆ ಹಿಡಿಸಿ, ಅವುಗಳೊಳಗೆ ಜಾರುವ ಕೊಳವೆಗಳಿಗೆ ಹಲಗೆ ಕೂರಿಸಿ. ಸತು ಲೇಪಿಸಿದ ಟ್ರೇಲರಿಗೆ ಡ್ರಿಲ್ ಹಾಕಬೇಡಿ, ತೂತಿನಿಂದಲೇ ತುಕ್ಕು ಶುರುವಾಗುತ್ತದೆ. ಯು-ಬೋಲ್ಟಿನಲ್ಲಿ ಅಪ್ಪಿಸಿ.

ಹಲಗೆ ಹಾರದ ಹಾಗೆ, ತಿರುಗದ ಹಾಗೆ

ಚುಕ್ಕಾಣಿಯ ಜಾಗದಲ್ಲಿ ನೇತುಹಾಕಿದ್ದು ಚುಕ್ಕಾಣಿಯ ಹಾಗೆಯೇ ತಿರುಗುತ್ತದೆ. ಮೊದಲ ಪರೀಕ್ಷೆಗೆ ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಹಿಂದೆ ನಿಂತು ನೋಡುತ್ತಿದ್ದ ಮಗಳು, ‘ಅಪ್ಪಾ, ಆನೆ ಕಿವಿ ಬೀಸಿದ ಹಾಗೆ ಬೀಸುತ್ತಿದೆ’ ಎಂದಳು. ಹಲಗೆಯ ಎರಡೂ ತುದಿಗೆ ತೂತು ಕೊರೆದು, ಅಲ್ಲಿಂದ ಟ್ರೇಲರಿನ ಚೌಕಟ್ಟಿಗೆ ಹಿಗ್ಗದ ಹಗ್ಗ ಬಿಗಿದೆ. ಎಲಾಸ್ಟಿಕ್ ಅಲ್ಲ, ದೋಣಿಯಲ್ಲಿ ಬಳಸುವ 5 ಮಿಲಿಮೀಟರ್ ಪಾಲಿಯೆಸ್ಟರ್ ಹಗ್ಗ. ಕಂಬಕ್ಕೂ ಟ್ರಾನ್ಸಮ್‌ಗೂ ನಡುವೆ ಹಳೆಯ ಯೋಗ ಚಾಪೆಯ ತುಂಡು ಅಂಟಿಸಿದೆ. ಹಗ್ಗ ಎಳೆದಾಗ ಕಂಬ ಅದಕ್ಕೆ ಒತ್ತಿ ಕೂರುತ್ತದೆ, ಬಣ್ಣವೂ ಕೆರೆಯುವುದಿಲ್ಲ.

ಗುಂಡಿಗೆ ಬಿದ್ದಾಗ ಪಿಂಟಲ್ ಮೇಲಕ್ಕೆ ಹಾರಿ ಬಳೆಯಿಂದ ಕಳಚಬಹುದು. ಮೇಲಿನ ಸೂಜಿಯ ಕೆಳತುದಿಗೆ 2 ಮಿಲಿಮೀಟರ್ ತೂತು ಕೊರೆದು ಆರ್ ಆಕಾರದ ಕ್ಲಿಪ್ ಚುಚ್ಚಿ. ಇಷ್ಟಾದ ಮೇಲೂ ಕಂಬದಿಂದ ಟ್ರೇಲರಿಗೆ ಇನ್ನೊಂದು ಗಿಡ್ಡ ಹಗ್ಗ ಕಟ್ಟಿ. ಅದರ ಕೆಲಸ ಒಂದೇ: ಎಲ್ಲವೂ ಕೈಕೊಟ್ಟ ದಿನ ಹಲಗೆ ರಸ್ತೆ ಮುಟ್ಟದಂತೆ ನೋಡಿಕೊಳ್ಳುವುದು. ಆ ಭಾರ ಎಂದೂ ಕೇಬಲ್ ಮೇಲೆ ಬೀಳಬಾರದು.

ವೈರಿಂಗ್

ಏಳು ಪಿನ್ನಿನ ಪ್ಲಗ್ ಬಿಚ್ಚಿದರೆ ಒಳಗೆ ಅಂಕೆಗಳು ಮೂಡಿಸಿರುತ್ತವೆ. ಬಣ್ಣಗಳು ಹೀಗೆ:

1 – ಹಳದಿ – ಎಡ ಇಂಡಿಕೇಟರ್
2 – ನೀಲಿ – ಫಾಗ್
3 – ಬಿಳಿ – ಅರ್ಥ್
4 – ಹಸಿರು – ಬಲ ಇಂಡಿಕೇಟರ್
5 – ಕಂದು – ಬಲ ಟೈಲ್, ಪ್ಲೇಟಿನ ದೀಪ
6 – ಕೆಂಪು – ಬ್ರೇಕ್, ಎರಡೂ ಕಡೆ
7 – ಕಪ್ಪು – ಎಡ ಟೈಲ್

ಊರಲ್ಲಿ ಮನೆ ವೈರಿಂಗ್ ನೋಡಿದ ಕಣ್ಣಿಗೆ ಇದು ಮೋಸ ಮಾಡುತ್ತದೆ. ಅಲ್ಲಿ ಹಸಿರು ಅರ್ಥ್, ಇಲ್ಲಿ ಹಸಿರು ಬಲ ಇಂಡಿಕೇಟರ್. ಎಡ-ಬಲ ಎಂದರೆ ಡ್ರೈವರಿನ ಎಡ-ಬಲ. ಹಲಗೆಯನ್ನು ಮೇಜಿನ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ವೈರು ಜೋಡಿಸುವಾಗ ಇದು ತಿರುಗುಮುರುಗಾಗುತ್ತದೆ. ಕೆಲಸಕ್ಕೆ ಮುಂಚೆ ಎರಡು ತುದಿಗೂ ಪೆನ್ಸಿಲ್‌ನಲ್ಲಿ ‘ಎಡ’, ‘ಬಲ’ ಎಂದು ಬರೆದುಬಿಡಿ. ಕಾರಿನಲ್ಲಿ ಹದಿಮೂರು ಪಿನ್ನಿನ ಸಾಕೆಟ್ ಇದ್ದರೆ ಏಳಕ್ಕೆ ಇಳಿಸುವ ಅಡಾಪ್ಟರ್ ಸಿಗುತ್ತದೆ.

ಜಂಕ್ಷನ್ ಬಾಕ್ಸನ್ನು ಹಲಗೆಯ ಹಿಂದೆ, ಕಂಬದ ಪಕ್ಕದಲ್ಲಿ ಕೂರಿಸಿ. ಮುಖ್ಯ ಕೇಬಲ್ ಅಲ್ಲಿಗೆ ಬರುತ್ತದೆ, ಅಲ್ಲಿಂದ ಎಡ ದೀಪಕ್ಕೆ ಹಳದಿ, ಕಪ್ಪು, ಕೆಂಪು, ಬಿಳಿ. ಬಲ ದೀಪಕ್ಕೆ ಹಸಿರು, ಕಂದು, ಕೆಂಪು, ಬಿಳಿ. ಫಾಗ್‌ಗೆ ನೀಲಿ, ಬಿಳಿ. ಪ್ಲೇಟಿನ ದೀಪಕ್ಕೆ ಕಂದು, ಬಿಳಿ. ವೈರುಗಳು ಬಾಕ್ಸಿನೊಳಕ್ಕೆ ಹೋಗುವ ಬಾಯಿ ಕೆಳಮುಖವಾಗಿರಲಿ.

ಈಗ ಅರ್ಥ್. ಒಂದು ದೀಪದ ಅರ್ಥನ್ನು ಇನ್ನೊಂದಕ್ಕೆ, ಅದರದನ್ನು ಮಗದೊಂದಕ್ಕೆ ಸರಪಳಿಯಂತೆ ಜೋಡಿಸಬೇಡಿ. ಪ್ರತಿ ದೀಪದಿಂದ ಅದರದೇ ಬಿಳಿ ವೈರು ಬಾಕ್ಸಿಗೆ ಬಂದು ಒಂದೇ ಕಡೆ ಸೇರಬೇಕು. ಸರಪಳಿಯಲ್ಲಿ ಒಂದು ಕೊಂಡಿ ಕಿಲುಬು ಹಿಡಿದರೆ ಅದರಾಚೆಯ ದೀಪಗಳ ಕರೆಂಟಿಗೆ ವಾಪಸು ದಾರಿ ಸಿಗುವುದಿಲ್ಲ. ಅದು ಸುಮ್ಮನಿರದೆ ಬೇರೆ ಬಲ್ಬಿನ ತಂತಿಯ ಮೂಲಕ ನುಸುಳುತ್ತದೆ. ಇಂಡಿಕೇಟರ್ ಹಾಕಿದರೆ ಟೈಲ್ ದೀಪ ಮಿಣುಕುತ್ತದೆ, ಬ್ರೇಕ್ ಒತ್ತಿದರೆ ಎಲ್ಲವೂ ಮಂಕಾಗುತ್ತವೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಕೆಟ್ಟ ಹಾಗೆ. ಇಂಥ ಹುಚ್ಚಾಟ ಕಂಡರೆ ಬಲ್ಬು ಬದಲಿಸುತ್ತ ಕೂರಬೇಡಿ, ನೇರ ಬಿಳಿ ವೈರಿಗೆ ಹೋಗಿ. ಟ್ರೇಲರಿನ ಕಬ್ಬಿಣವನ್ನೇ ಅರ್ಥ್ ಮಾಡಿಕೊಳ್ಳುವ ಹಳೆಯ ಪದ್ಧತಿ ತುಕ್ಕಿನ ಮೇಲೆ ಭರವಸೆ ಇಟ್ಟಂತೆ. ಹೇಗೂ ನಮ್ಮ ಹಲಗೆ ನೇತಾಡುವುದು ದೋಣಿಗೆ, ಅದಕ್ಕೆ ಕಬ್ಬಿಣದ ಸಂಪರ್ಕವೇ ಇಲ್ಲ.

ವೈರಿನ ತುದಿಗಳಿಗೆ ಟರ್ಮಿನಲ್ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಲ್ಲಿ ಒತ್ತಿ ಕೂರಿಸಿ. ಬೆಸುಗೆ ಹಾಕಿದರೆ ಗಟ್ಟಿ ಅನ್ನಿಸುತ್ತದೆ, ಆದರೆ ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಬಿರುಸಾಗಿ ಅಲುಗಾಟಕ್ಕೆ ಅಲ್ಲೇ ಮುರಿಯುತ್ತದೆ. ಕ್ರಿಂಪಿನ ಮೇಲೆ, ಒಳಮೈಯಲ್ಲಿ ಅಂಟು ಸವರಿರುವ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಹಾಕಿ ಬಿಸಿ ಮಾಡಿ. ಪ್ಲಗ್ಗಿನ ಪಿನ್ನುಗಳಿಗೆ ಚೂರು ವ್ಯಾಸಲೀನ್ ಸವರಿ. ಟೈಲ್-ಬ್ರೇಕ್ ಎರಡೂ ಒಂದರಲ್ಲೇ ಇರುವ ಬಲ್ಬಿಗೆ ಎರಡು ಕಿವಿಗಳಿರುತ್ತವೆ, ಅವು ಒಂದೇ ಎತ್ತರದಲ್ಲಿರುವುದಿಲ್ಲ. ಬಲವಂತವಾಗಿ ತಿರುಗಿಸಿ ಉಲ್ಟಾ ಕೂರಿಸಿದರೆ ಟೈಲ್ ಜಾಗದಲ್ಲಿ ಬ್ರೇಕ್ ಉರಿಯುತ್ತದೆ.

ಕಾರಿಗೆ ಸಿಕ್ಕಿಸುವ ಮುನ್ನ

ಮೊದಲ ಪರೀಕ್ಷೆ ಕಾರಿನಲ್ಲಿ ಬೇಡ. ಒಳಗೆಲ್ಲೋ ಎರಡು ಎಳೆ ತಾಗಿದ್ದರೆ ಕೆಡುವುದು ಕಾರಿನ ದುಬಾರಿ ಎಲೆಕ್ಟ್ರಾನಿಕ್ಸ್. ಒಂದು 12 ವೋಲ್ಟ್ ಬ್ಯಾಟರಿ, 10 ಆಂಪಿಯರ್ ಫ್ಯೂಸ್ ಇಟ್ಟ ವೈರು ಸಾಕು. ಮೂರನೆಯ ಪಿನ್ ಬ್ಯಾಟರಿಯ ಮೈನಸ್‌ಗೆ. ಫ್ಯೂಸ್ ಇರುವ ಪ್ಲಸ್ ವೈರಿನಿಂದ ಉಳಿದ ಆರು ಪಿನ್ನುಗಳನ್ನು ಒಂದೊಂದಾಗಿ ಮುಟ್ಟುತ್ತ ಬನ್ನಿ. ಒಂದು ಪಿನ್ ಮುಟ್ಟಿದಾಗ ಅದರ ದೀಪ ಮಾತ್ರ, ಪೂರ್ತಿ ಪ್ರಕಾಶದಲ್ಲಿ ಉರಿಯಬೇಕು. ಬೇರೆ ಯಾವುದಾದರೂ ಸಣ್ಣಗೆ ಮಿಣುಕಿದರೂ ಅರ್ಥ್ ಮತ್ತೆ ನೋಡಿ.

ಆಮೇಲೆ ಕಾರಿಗೆ ಸಿಕ್ಕಿಸಿ, ಒಬ್ಬರನ್ನು ಹಿಂದೆ ನಿಲ್ಲಿಸಿ. ಕೊನೆಗೆ ಎಲ್ಲವನ್ನೂ ಒಟ್ಟಿಗೆ ಹಾಕಿ: ಹೆಡ್‌ಲೈಟ್, ಫಾಗ್, ಬ್ರೇಕ್, ಇಂಡಿಕೇಟರ್. ಒಂದೊಂದಾಗಿ ಸರಿಯಿದ್ದು ಎಲ್ಲ ಸೇರಿದಾಗ ಮಂಕಾಗುವ ಹಲಗೆಗಳೇ ಹೆಚ್ಚು. ರಾತ್ರಿ ಮಳೆಯಲ್ಲಿ ನಿಮಗೆ ಬೇಕಾಗುವುದು ಆ ಎಲ್ಲ ದೀಪಗಳೂ.

ರಸ್ತೆಯಲ್ಲಿ, ದಡದಲ್ಲಿ

ಕೇಬಲನ್ನು ಟ್ರೇಲರಿನ ಅಡಿಯಿಂದ ಎಳೆಯಬೇಡಿ, ದೋಣಿಯೊಳಗಿನಿಂದಲೇ ತನ್ನಿ. ಮಲಗಿಸಿದ ಕೂವೆಮರಕ್ಕೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ, ಮೀಟರಿಗೊಂದರಂತೆ ಕಟ್ಟುತ್ತ ಮುಂದೆ ಬಂದರೆ ಗಾಳಿಗೆ ಬಡಿಯುವುದಿಲ್ಲ. ಕೊಕ್ಕೆಯ ಬಳಿ ಮಾತ್ರ ಒಂದು ಸಡಿಲ ಸುತ್ತು ಬಿಡಿ, ತೀರ ಬಿಗಿಯಾದರೆ ಮೊದಲ ತಿರುವಿನಲ್ಲೇ ಪ್ಲಗ್ ಕಿತ್ತುಬರುತ್ತದೆ, ತೀರ ಸಡಿಲಾದರೆ ನೆಲ ಉಜ್ಜುತ್ತದೆ.

ಕೂವೆಮರ ಹಿಂದಕ್ಕೆ ಚಾಚಿರುತ್ತದೆ. ಒಂದು ಮೀಟರಿಗಿಂತ ಹೆಚ್ಚು ಚಾಚಿದರೆ ಅದು ಎದ್ದು ಕಾಣುವಂತೆ ಮಾಡಬೇಕೆಂದು ಇಲ್ಲಿನ ನಿಯಮ. ನಮ್ಮೂರಲ್ಲಿ ಕಬ್ಬಿಣದ ಸರಳು ಹೇರಿದ ಟ್ರ್ಯಾಕ್ಟರಿನ ಬಾಲಕ್ಕೆ ಕೆಂಪು ಬಟ್ಟೆ ಕಟ್ಟುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಮೀಟರ್ ದಾಟಿದರೆ ಬಟ್ಟೆ ಸಾಲದು, ಪಟ್ಟೆಪಟ್ಟೆಯ ಗುರುತುಫಲಕವೇ ಬೇಕಾಗುತ್ತದೆ. ಮರವನ್ನು ಮುಂದಕ್ಕೆ ಸರಿಸಿ ಕಟ್ಟುವುದು ಅದಕ್ಕಿಂತ ಸುಲಭ. ಟ್ರೇಲರ್ ಎಳೆಯುವ ಕಾರಿಗೆ ಮೋಟಾರ್‌ವೇಯಲ್ಲಿ ಗಂಟೆಗೆ 60 ಮೈಲಿ, ಸಾಮಾನ್ಯ ಇಬ್ಬದಿ ಸಂಚಾರದ ರಸ್ತೆಯಲ್ಲಿ 50 ಮೈಲಿ ಮಿತಿ.

ನಂಬರ್ ಪ್ಲೇಟನ್ನು ಶಾಶ್ವತವಾಗಿ ಅಂಟಿಸಬೇಡಿ, ಎರಡು ಚಿಟ್ಟೆ ನಟ್ಟಿನಲ್ಲಿ ಹಿಡಿಸಿ. ಗೆಳೆಯರು ಅವರ ಕಾರಿನಲ್ಲಿ ಎಳೆದರೆ ಅವರ ಕಾರಿನ ಸಂಖ್ಯೆಯೇ ಹಿಂದಿರಬೇಕು.

ದಡ ತಲುಪಿದ ಮೇಲೆ ಮೊದಲು ಪ್ಲಗ್, ಆಮೇಲೆ ಹಗ್ಗಗಳು, ಕೊನೆಗೆ ಕ್ಲಿಪ್. ಹಲಗೆ ಮೇಲೆತ್ತಿದರೆ ಕೈಗೆ ಬರುತ್ತದೆ. ಚಕ್ರದ ಹಬ್ಬೂ ಕಾದಿರುತ್ತದೆ, ಬಿಸಿಯಾಗಿರುವಾಗಲೇ ಮುಳುಗಿಸಿದರೆ ಅದು ಬೇರಿಂಗ್‌ನೊಳಕ್ಕೆ ನೀರು ಹೀರಿಕೊಳ್ಳುತ್ತದೆ. ಅದು ಆರುವವರೆಗೆ ಕೂವೆಮರ ನಿಲ್ಲಿಸುವ ಕೆಲಸ ಇದ್ದೇ ಇದೆ. ಹಲಗೆಯನ್ನು ಕಾರಿನ ಹಿಂದೆ ನೆಲಕ್ಕೆ ಒರಗಿಸಿ ಮರೆಯಬೇಡಿ. ರಿವರ್ಸ್ ತೆಗೆಯುವಾಗ ಅದು ಕನ್ನಡಿಯಲ್ಲಿ ಕಾಣುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ನನ್ನ ಎಡ ದೀಪದ ಗಾಜು ಬಲದ್ದಕ್ಕಿಂತ ಹೊಸದಾಗಿ ಕಾಣುವುದು ಅದಕ್ಕೇ.